ಬಾಡಿಗೆ ತಂತ್ರಾಂಶ ಸಾಕು, ಮುಕ್ತ ತಂತ್ರಾಂಶದತ್ತ ನಮ್ಮವರೂ ಬರಲಿ

ಕಳೆದ ವರ್ಷ ಮನೆಯ ಮದುವೆಯೊಂದರ ಕರೆಯೋಲೆ ಮಾಡಿಸಲು ಪ್ಯಾರೀಸ್ ಕಾರ್ನರ್ ಬಳಿಯ ಆಂಡರ್ಸನ್ ಬೀದಿಗೆ ಹೋಗಿದ್ದೆವು. ಊರಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿ ತಂದ ಫೈಲನ್ನು ತೆರೆದಾಗ ಪರದೆಯ ಮೇಲೆ ಕಂಡಿದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ತಪ್ಪು ಅಂಗಡಿಯವರದಲ್ಲ. ಹಳೆಯ ಕಾಲದ ಫಾಂಟಿನಲ್ಲಿ ಮಾಡಿದ ಫೈಲು, ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಓದಲು ಬರುವುದಿಲ್ಲ. ಕೊನೆಗೆ ಅಲ್ಲಿಯೇ ಕುಳಿತು ಒಂದೊಂದೇ ಸಾಲು ಹೇಳಿ ಬರೆಸಬೇಕಾಯಿತು.

ಕರೆಯೋಲೆಯಾದರೆ ಮತ್ತೆ ಬರೆಸಬಹುದು. ಆದರೆ ನಮಗೆ ಪರಿಚಯದ ಸಂಘವೊಂದರ 2004ರ ಸ್ಮರಣ ಸಂಚಿಕೆಯ ಸಿ.ಡಿ. ಇಂದು ಹೀಗೆಯೇ ಬಾಯಿ ಮುಚ್ಚಿ ಕುಳಿತಿದೆ. ಅದರಲ್ಲಿ ಲೇಖನ ಬರೆದ ಹಿರಿಯರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ. ಅವರ ಬರಹ ನಮ್ಮ ಕೈಯಲ್ಲಿದ್ದೂ ನಮ್ಮದಲ್ಲದಂತಾಗಿದೆ.

ಈ ವಿಷಯ ಈಗ ಪ್ರಸ್ತಾಪಿಸಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಅದರ ಷರತ್ತುಗಳಿಗೆ ಒಗ್ಗುವುದಿಲ್ಲ. ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಬಳಿ, ಸಂಘಗಳ ಕಚೇರಿಯಲ್ಲಿ, ಮಕ್ಕಳ ಓದಿನ ಮೇಜಿನ ಮೇಲೆ ಇರುವ ಚೆನ್ನಾಗಿ ಓಡುವ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಕೇ?

ಇಂಥ ಸಂದರ್ಭದಲ್ಲಿ ಹಲವರು ಹಿಡಿಯುವ ಸುಲಭ ದಾರಿ ಕಳ್ಳ ಪ್ರತಿ. "ಎಲ್ಲರೂ ಹಾಕಿಸುತ್ತಾರೆ ಸ್ವಾಮಿ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಕಳ್ಳ ತಂತ್ರಾಂಶ ಬಳಸಿದರೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, ರೂ. 50,000ದಿಂದ 2 ಲಕ್ಷದವರೆಗೆ ದಂಡ ಉಂಟು. ವ್ಯಾಪಾರಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಬಹುದು. ಅಂಗಡಿ ಇಟ್ಟವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ. ಕಳ್ಳ ಪ್ರತಿಯ ಜೊತೆ ಬರುವ ವೈರಸ್ಸು ಬೇರೆ.

ಹಾಗಾದರೆ ಉಳಿದ ದಾರಿ ಯಾವುದು? 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ ಗ್ನು ಯೋಜನೆ, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್, ಇವುಗಳಿಂದ ಬೆಳೆದು ಬಂದದ್ದೇ ಮುಕ್ತ ತಂತ್ರಾಂಶ. ಇಲ್ಲಿ ಉಚಿತ ಬೇರೆ, ಮುಕ್ತ ಬೇರೆ ಎಂಬುದನ್ನು ಗಮನಿಸಬೇಕು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ಬಹುಕಾಲ ಉಚಿತವಾಗಿ ಸಿಗುತ್ತಿತ್ತು, ನಂತರ ಅದಕ್ಕೆ ಬೆಲೆ ಬಂತು. ಅದು ಅವರ ಹಕ್ಕು. ಕನ್ನಡಕ್ಕೆ ಅವರು ಮಾಡಿದ ಉಪಕಾರ ದೊಡ್ಡದು. ಆದರೆ ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವೇ ಬಯಲಿನಲ್ಲಿರುತ್ತದೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು. 2010ರಲ್ಲಿ ಓಪನ್ ಆಫೀಸಿನಿಂದ ಲಿಬ್ರೆ ಆಫೀಸ್ ಹುಟ್ಟಿಕೊಂಡದ್ದು ಹಾಗೆಯೇ. ಪ್ರತಿ ಮಾಡಿ ನೆರೆಯವರಿಗೆ ಕೊಟ್ಟರೂ ಕಾನೂನಿನ ಪ್ರಕಾರ ಸರಿ.

ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ವರ್ಷವರ್ಷ ಚಂದಾ ಕಟ್ಟಿ ಬಳಸುವ ತಂತ್ರಾಂಶ ಬಾಡಿಗೆ ಮನೆಯಿದ್ದಂತೆ. ಎಷ್ಟು ವರ್ಷ ಕಟ್ಟಿದರೂ ಆಸ್ತಿಯ ಕಡೆ ಒಂದು ರೂಪಾಯಿ ಬರುವುದಿಲ್ಲ.

ಇದೇನೂ ಕನಸಿನ ಮಾತಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. 2019ರಲ್ಲಿ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಹಾಕುವ ಕೆಲಸ ಕೈಗೊಂಡರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮ ಚೆನ್ನೈ ಸಹ ಹಿಂದೆ ಬಿದ್ದಿಲ್ಲ. 'ಬಾಸ್' ಲಿನಕ್ಸ್ ರೂಪುಗೊಂಡದ್ದು ಇಲ್ಲಿನ ಸಿ-ಡ್ಯಾಕ್ ಕೇಂದ್ರದಲ್ಲಿ, 2007ರಲ್ಲಿ ಅದು ಹೊರಬಂತು. ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ ಉಮಾಶಂಕರ್ ಅವರ ಅಧಿಕಾರಾವಧಿಯಲ್ಲಿ ಲಿನಕ್ಸಿಗೆ ಬದಲಾಗಿ ದೇಶದ ಗಮನ ಸೆಳೆಯಿತು. 2015ರಲ್ಲಿ ಕೇಂದ್ರ ಸರ್ಕಾರವೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು.

ತೊಡಕುಗಳಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸೌಕಾರ್‌ಪೇಟೆಯಿಂದ ಗೋಡೌನ್ ಬೀದಿಯವರೆಗೆ ಲೆಕ್ಕವೆಂದರೆ ಟ್ಯಾಲಿ. ನಮ್ಮ ಬೆಂಗಳೂರಿನದೇ ಆದ ಆ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳು ಲಿಬ್ರೆ ಆಫೀಸಿನಲ್ಲಿ ಕೆಲವೊಮ್ಮೆ ತಕರಾರು ಮಾಡುತ್ತವೆ. ಕೈ ಪಳಗಲು ಸಮಯ ಬೇಕು. ಲೆಡ್ಜರ್ ಬರೆಯುತ್ತಿದ್ದ ನಮ್ಮ ಕೈಗೆ ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದಾಗಲೂ ಹೀಗೆಯೇ ಅನ್ನಿಸಿತ್ತು. ಆರು ತಿಂಗಳಲ್ಲಿ ಎಲ್ಲರೂ ಕಲಿತೆವು.

ಆದ್ದರಿಂದ ಒಮ್ಮೆಲೇ ಎಲ್ಲವನ್ನೂ ಬದಲಿಸಬೇಕಿಲ್ಲ. ಮೊದಲು ಇರುವ ವಿಂಡೋಸಿನಲ್ಲೇ ಲಿಬ್ರೆ ಆಫೀಸ್ ಹಾಕಿ ಪತ್ರ, ಸದಸ್ಯರ ಪಟ್ಟಿ, ಜಮಾ-ಖರ್ಚು ಅದರಲ್ಲಿ ಮಾಡಿ ನೋಡಿ. ಎರಡನೆಯದಾಗಿ, ಕನ್ನಡವನ್ನು ಇನ್ನು ಮುಂದೆ ಯೂನಿಕೋಡಿನಲ್ಲೇ ಬರೆಯಿರಿ. ಲೋಹಿತ್, ನವಿಲು, ಗುಬ್ಬಿ ಮುಂತಾದ ಮುಕ್ತ ಫಾಂಟುಗಳಿವೆ. ಹಳೆಯ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಉಳಿಸಿಕೊಳ್ಳಿ. ಮೂರನೆಯದಾಗಿ, ಮೂಲೆಗೆ ಸರಿಸಿದ ಹಳೆಯ ಯಂತ್ರವೊಂದಕ್ಕೆ ಲಿನಕ್ಸ್ ಹಾಕಿ ಪರೀಕ್ಷಿಸಿ. ಟ್ಯಾಲಿ ಇರುವ ಯಂತ್ರಕ್ಕೆ ಸರಿಯಾದ ಪರವಾನಗಿ ಪಡೆದು ಹಾಗೆಯೇ ಇಟ್ಟುಕೊಳ್ಳಿ. ಏನೇ ಮಾಡುವ ಮೊದಲು ಎಲ್ಲ ಕಡತಗಳ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಲು ಮರೆಯಬೇಡಿ.

ಚೆನ್ನೈಯಲ್ಲಿ ನಮ್ಮ ಮಕ್ಕಳು ಸಾಕಷ್ಟು ಮಂದಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ರಾಜ್ಯೋತ್ಸವಕ್ಕೆ ಹಾಡು, ನೃತ್ಯ, ಊಟ ಇದ್ದೇ ಇರುತ್ತವೆ. ಅವುಗಳ ನಡುವೆ ಒಂದು ಭಾನುವಾರ ಬೆಳಿಗ್ಗೆ ಈ ಯುವಕ ಯುವತಿಯರನ್ನು ಕರೆಸಿ, ಹಿರಿಯರಿಗೂ ಅಂಗಡಿಯವರಿಗೂ ಇದನ್ನು ಹೇಳಿಕೊಡುವ ಶಿಬಿರವನ್ನು ಸಂಘಗಳು ಏರ್ಪಡಿಸಲಿ. ಹಳೆಯ ಸ್ಮರಣ ಸಂಚಿಕೆಗಳ ಸಿ.ಡಿ.ಗಳನ್ನೂ ಅಂದೇ ತರಲಿ. ಅವನ್ನು ತೆರೆಯಬಲ್ಲವರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಆಗುವುದು ಒಳಿತು.