ಮರಳುವವರ ದಾರಿಗೆ ಬೇಲಿ ಹಾಕಬೇಡಿ

ವಿಶ್ವಾಸ ಬಿಟ್ಟವರಿಗೆ ರಕ್ಷಣೆಯೂ ಇಲ್ಲ, ಮರಳುವ ದಾರಿಯೂ ಇಲ್ಲ ಎಂದ ಕಳೆದ ಸಂಚಿಕೆಯ ಲೇಖನಕ್ಕೆ ಈ ಪ್ರತಿಕ್ರಿಯೆ.

ವಿಶ್ವಾಸದಿಂದ ಬಿದ್ದುಹೋದವರನ್ನು ಪಶ್ಚಾತ್ತಾಪಕ್ಕೆ ಮರಳಿಸುವುದು ಅಸಾಧ್ಯವೆಂದು ಎಚ್ಚರಿಸುವ, ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯದ 4ರಿಂದ 6ನೇ ವಚನಗಳನ್ನಷ್ಟೇ ಲೇಖಕರು ಹಿಡಿದುಕೊಂಡಿದ್ದಾರೆ. 9ನೇ ವಚನದಲ್ಲಿ ಪತ್ರಕಾರನೇ ಅದೇ ಓದುಗರ ರಕ್ಷಣೆಯ ಬಗ್ಗೆ ಭರವಸೆಯ ಮಾತಾಡುತ್ತಾನೆ. ಎಚ್ಚರಿಕೆಯನ್ನು ತೀರ್ಪೆಂದು ಓದಿದರೆ ಹೀಗಾಗುತ್ತದೆ.

ನಮ್ಮ ನೆಲದ ಸಾಕ್ಷಿಯನ್ನೇ ನೋಡಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಫ್ರೆಂಚ್ ಮಿಷನರಿ ಅಬ್ಬೆ ದುಬಾಯ್ ಅಲ್ಲಿಗೆ ಹೋಗಿ, ಮರಳಿದವರನ್ನು ಸಭೆಗೆ ಸೇರಿಸಿಕೊಂಡರು. ಕ್ಯಾಥೊಲಿಕ್ ಬೋಧನೆಯಂತೆ ಒಮ್ಮೆ ಪಡೆದ ದೀಕ್ಷಾಸ್ನಾನದ ಗುರುತು ಅಳಿಯದು, ಎರಡನೆಯದು ಬೇಕಿಲ್ಲ.

‘ಅದು ಬಲವಂತವಾಯಿತಲ್ಲ’ ಎನ್ನಬಹುದು. ಪೇತ್ರನನ್ನು ಯಾರು ಕಟ್ಟಿಹಾಕಿದ್ದರು? ದಾಸಿಯೊಬ್ಬಳು ಕೇಳಿದ್ದಕ್ಕೇ ಯೇಸುವನ್ನು ಅರಿಯೆನೆಂದ. ಆದರೂ ಅವನಿಗೆ ಮರಳುವ ದಾರಿ ಮುಚ್ಚಲಿಲ್ಲ.

ರಕ್ಷಣೆ ಕಳೆಯಬಹುದೆಂದು ಕ್ಯಾಥೊಲಿಕರೂ ಮೆಥಡಿಸ್ಟರೂ ಹೇಳುತ್ತಾರೆ. ಕ್ಯಾಲ್ವಿನನ ಅನುಯಾಯಿಗಳು ಒಪ್ಪುವುದಿಲ್ಲ. ಆದರೆ ಪಶ್ಚಾತ್ತಾಪಪಟ್ಟು ಬಂದವರನ್ನು ಮೂವರೂ ತಳ್ಳುವುದಿಲ್ಲ. ಹಾಗೆ ತಳ್ಳಹೊರಟ ಪಾದ್ರಿ ನೊವೇಷಿಯನ್‌ನನ್ನು 251ರಲ್ಲಿ ರೋಮಿನ ಸಭೆಯೇ ಬಹಿಷ್ಕರಿಸಿತು.

ಆರಾಧನೆ ಬಿಟ್ಟ ಮಕ್ಕಳಿಗಾಗಿ ಪ್ರಾರ್ಥಿಸುವ ತಾಯಂದಿರು ನಮ್ಮ ಪದ್ಮನಾಭನಗರದಲ್ಲೂ ಇದ್ದಾರೆ. ‘ಇನ್ನು ಪ್ರಾರ್ಥಿಸಿ ಫಲವಿಲ್ಲಮ್ಮ’ ಎಂದು ಅವರಿಗೆ ಹೇಳುವ ಅಧಿಕಾರ ಲೇಖಕರಿಗೆ ಯಾರು ಕೊಟ್ಟರು?

— ಓದುಗ, ಪದ್ಮನಾಭನಗರ, ಬೆಂಗಳೂರು