ಕಣ್ಣಿನೊಳಗಿನ ಕೆಂಪು

ಬಿಸಿಲಿನಿಂದ ಚಿತ್ರಮಂದಿರವನ್ನು ಹೊಕ್ಕವನು ಮೊದಲು ತಡವರಿಸುತ್ತಾನೆ. ತುಸುಹೊತ್ತಿನಲ್ಲಿ ಆಸನಗಳೂ ಮುಖಗಳೂ ತೋರತೊಡಗುತ್ತವೆ. ಇದರ ಮರ್ಮವು ಕಣ್ಣಿನ ಹಿಂಭಾಗದ ತೆಳುಪೊರೆಯಾದ ಅಕ್ಷಿಪಟಲದಲ್ಲಿದೆ. ಅಲ್ಲಿ ಸುಮಾರು 12 ಕೋಟಿಯಷ್ಟಿರುವ ದಂಡಾಕಾರದ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ಕೆಂಬಣ್ಣದ ದ್ರವ್ಯವುಂಟು. ಮಂದಬೆಳಕಿನ ನೋಟಕ್ಕೆ ಇದೇ ಆಧಾರ. ಬೆಳಕು ತಾಗಿದರೆ ಇದು ಬಿಳಿಚುವುದನ್ನು 1876ರಲ್ಲಿ ಫ್ರಾಂಜ್ ಬಾಲ್ ಎಂಬ ಜರ್ಮನ್ ವಿಜ್ಞಾನಿಯು ಕಪ್ಪೆಯ ಕಣ್ಣಿನಲ್ಲಿ ಕಂಡನು. ಕತ್ತಲೆಯಲ್ಲಿ ಬಣ್ಣವು ಮತ್ತೆ ಕೂಡಿಕೊಳ್ಳುತ್ತದೆ. ಪೂರ್ಣವಾಗಲು ಅರ್ಧ ಗಂಟೆಗೂ ಮಿಕ್ಕ ಕಾಲ ಬೇಕು.

ಆದರೆ ಕೂಡಿಕೊಳ್ಳಲು ಸಾಮಗ್ರಿ ಬೇಡವೆ? ಅದು ದೊರೆಯುವುದು ‘ಎ’ ಜೀವಸತ್ವದಿಂದ. 1933ರಲ್ಲಿ ಅಮೆರಿಕದ ಜಾರ್ಜ್ ವಾಲ್ಡ್ ಅಕ್ಷಿಪಟಲದಲ್ಲಿಯೇ ಈ ಸತ್ವವಿರುವುದನ್ನು ಕಂಡುಹಿಡಿದನು. 1967ರ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡನು. ಆಹಾರದಲ್ಲಿ ಈ ಸತ್ವವು ಬಹುಕಾಲ ಸಾಲದಾದಾಗ, ಹಗಲೆಲ್ಲ ಚುರುಕಾಗಿ ಆಡುವ ಮಗುವು ಮುಸ್ಸಂಜೆಯಲ್ಲಿ ಹೊಸ್ತಿಲನ್ನು ಎಡವುತ್ತದೆ. ಇದೇ ಇರುಳುಗುರುಡು. ಉಪೇಕ್ಷಿಸಿದರೆ ಹಗಲಿನ ದೃಷ್ಟಿಯೂ ಶಾಶ್ವತವಾಗಿ ಹೋದೀತು. ಅಂಥ ಮಗುವನ್ನು ಗದರಿಸದೆ ವೈದ್ಯರಿಗೆ ತೋರಿಸಬೇಕು. ಈ ಕೊರತೆ ಬಾರದಂತೆ ಕಾಯುವ ನುಗ್ಗೆಸೊಪ್ಪು, ಪರಂಗಿಹಣ್ಣು, ಕ್ಯಾರೆಟ್, ಹಾಲು, ಮೊಟ್ಟೆಗಳು ಯಾವ ಪೇಟೆಯಲ್ಲಿಯೂ ದುರ್ಲಭವಲ್ಲ.