ಬಂದಾಗ, ಬಂದರೆ, ಬಂದರೂ



ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗನೊಬ್ಬ ಕೇಳಿದ: "ಆಂಟಿ, ನೀವು ಪ್ರತಿ ತಿಂಗಳು ನಮಗೆ ಇಂಗ್ಲಿಷ್ ಗ್ರಾಮರ್ ಯಾಕೆ ಹೇಳ್ತೀರಿ? ಇಂಗ್ಲಿಷ್ ನಮಗೆ ಬರುತ್ತೆ. ಕನ್ನಡಾನೇ ಸರಿಯಾಗಿ ಬರಲ್ಲ." ಚಿರೋಟಿಗೆ ಹಾಲು ಹಾಕಿಕೊಳ್ಳುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಹುಡುಗನ ಮಾತು ಅರ್ಧ ಸರಿ. ಉಳಿದ ಅರ್ಧಕ್ಕೆ ಉತ್ತರವಾಗಿ ಈ ತಿಂಗಳ ಪಾಠ ಬರೆಯುತ್ತಿದ್ದೇನೆ. ಪಾಠಕ್ಕೆ ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ ಹೇಳುತ್ತೇನೆ.

2016ರ ಮಾತು. ನಮ್ಮ ಅತ್ತೆಯವರು ಧಾರವಾಡದಲ್ಲಿದ್ದರು. ದೀಪಾವಳಿಗೆ ಮುಂಬಯಿಗೆ ಬರುವುದೆಂದು ನಿಶ್ಚಯವಾಗಿ, ಟಿಕೆಟ್ ಕೂಡ ಆಗಿತ್ತು. ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದ ನನ್ನ ಮಗಳು ಫೋನಿನಲ್ಲಿ ಬಲು ಉತ್ಸಾಹದಿಂದ ಹೇಳಿದಳು: "ಅಜ್ಜಿ, ನೀ ಬಂದ್ರ ನಾ ದಾದರ್ ಸ್ಟೇಶನ್ನಿಗೆ ಬರ್ತೀನಿ. ನೀ ಬಂದ್ರ ನನ್ನ ರೂಮಿನ್ಯಾಗ ಮಲಗಬಹುದು."

ಎರಡು ದಿನ ಬಿಟ್ಟು ಅತ್ತೆಯವರು ನಮ್ಮವರಿಗೆ ಫೋನ್ ಮಾಡಿ, "ಈ ಸಲ ಬ್ಯಾಡ ಬಿಡಪಾ, ಮುಂದ ನೋಡೋಣು" ಎಂದುಬಿಟ್ಟರು. ಮೊಣಕಾಲು ನೋವು ಎಂದು ಕಾರಣ ಹೇಳಿದರು. ನನಗೇಕೋ ಸಮಾಧಾನವಾಗಲಿಲ್ಲ. ನಾನೇ ಫೋನ್ ಮಾಡಿ ಕೆದಕಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡವಾ, ಹುಡುಗಿ 'ಬಂದ್ರ, ಬಂದ್ರ' ಅಂತ ಎರಡು ಸಲ ಅಂದ್ಳು. 'ಬಂದಾಗ' ಅನ್ನಲಿಲ್ಲ. ನಾ ಬರೋದು ನಿಮಗ ಇನ್ನೂ ಗಟ್ಟಿ ಇಲ್ಲಂತ ಕಾಣ್ತದ."

ಮಗಳಿಗೆ ಹೇಳಿದಾಗ ಅವಳ ಕಣ್ಣಲ್ಲಿ ನೀರು ಬಂತು. "ಅಮ್ಮ, ನಾ 'ವೆನ್' ಅಂತನ ಹೇಳಿದ್ದು!" ಎಂದಳು. ಅವಳ ತಲೆಯಲ್ಲಿದ್ದದ್ದು 'ವೆನ್'. ನಾಲಿಗೆಗೆ ಬಂದದ್ದು 'ಇಫ್'. ಇಂಗ್ಲಿಷಿನಲ್ಲಿ ಅವಳು ಈ ಎರಡನ್ನು ಎಂದೂ ಅದಲುಬದಲು ಮಾಡಿದವಳಲ್ಲ. ಕನ್ನಡದಲ್ಲಿ ಅವಳ ಕೈಗೆ ಸಿಕ್ಕಿದ್ದು ಒಂದೇ ರೂಪ. ಆ ಒಂದು ಪ್ರತ್ಯಯ ಒಬ್ಬ ಅಜ್ಜಿಯ ಪ್ರಯಾಣವನ್ನೇ ನಿಲ್ಲಿಸುವುದರಲ್ಲಿತ್ತು.

ಇಂಗ್ಲಿಷ್ ವ್ಯಾಕರಣದಲ್ಲಿ ಇದರ ಹೆಸರು 'ಆಡ್ವರ್ಬ್ ಕ್ಲಾಜ್', ಅಂದರೆ ಕ್ರಿಯಾವಿಶೇಷಣ ಉಪವಾಕ್ಯ. ಹೆಸರು ದೊಡ್ಡದು, ವಿಷಯ ಸಣ್ಣದು. "ಐ ವಿಲ್ ಕಾಲ್ ಯೂ ಟುಮಾರೋ" ಎಂಬಲ್ಲಿ 'ಟುಮಾರೋ' ಎಂಬ ಒಂದು ಪದ 'ಯಾವಾಗ' ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. "ಐ ವಿಲ್ ಕಾಲ್ ಯೂ ವೆನ್ ಐ ರೀಚ್ ದಾದರ್" ಎಂಬಲ್ಲಿ ಅದೇ ಕೆಲಸವನ್ನು ಒಂದು ಪುಟ್ಟ ವಾಕ್ಯವೇ ಮಾಡುತ್ತದೆ. ಅದಕ್ಕೆ ತನ್ನದೇ ಕರ್ತೃ, ತನ್ನದೇ ಕ್ರಿಯಾಪದ ಉಂಟು. ಆದರೆ ಒಂಟಿಯಾಗಿ ನಿಲ್ಲಲಾರದು. ಬರೀ "ವೆನ್ ಐ ರೀಚ್ ದಾದರ್" ಎಂದು ನಿಲ್ಲಿಸಿದರೆ ಕೇಳುವವರು 'ಮುಂದೇನು?' ಎಂದು ಕಾಯುತ್ತಾರೆ.

ನಾನು ಬಿ.ಎ. ಓದುವಾಗ ನಮಗೆಲ್ಲ 'ರೆನ್ ಆಂಡ್ ಮಾರ್ಟಿನ್' ಪುಸ್ತಕವೇ ಗತಿ. ಅದರಲ್ಲಿ ಆಡ್ವರ್ಬ್ ಕ್ಲಾಜಿಗೆ ಎಂಟು ಬಗೆ ಹೇಳಿದ್ದಾರೆ: ಕಾಲ, ಸ್ಥಳ, ಉದ್ದೇಶ, ಕಾರಣ, ಷರತ್ತು, ಪರಿಣಾಮ, ಹೋಲಿಕೆ, ಮತ್ತು ಅಡ್ಡಿಯಿದ್ದರೂ ಕೆಲಸ ನಡೆಯಿತು ಎಂದು ಹೇಳುವ 'ಕನ್ಸೆಶನ್'. ಪರೀಕ್ಷೆಗೆಂದು ಎಂಟನ್ನೂ ಉರುಹೊಡೆದಿದ್ದೆ. ನನ್ನ ಮಾತೃಭಾಷೆಯಲ್ಲಿ ಈ ಎಂಟೂ ಒಂದೇ ಧಾತುವಿನಿಂದ ಹುಟ್ಟುತ್ತವೆಂದು ಆಗ ನನಗೂ ಹೊಳೆದಿರಲಿಲ್ಲ. 'ಹೋಗು' ಎಂಬುದನ್ನೇ ತೆಗೆದುಕೊಳ್ಳಿ. ಹೋದಾಗ, ಹೋದಲ್ಲೆಲ್ಲ, ಹೋಗಲೆಂದು, ಹೋದದ್ದರಿಂದ, ಹೋದರೆ, ಹೋಗುವಷ್ಟು, ಹೋದಷ್ಟು, ಹೋದರೂ. ಎಣಿಸಿ ನೋಡಿ, ಎಂಟೂ ಬಂದವು!

ವ್ಯತ್ಯಾಸವೆಲ್ಲ ಬೀಗ ಎಲ್ಲಿದೆ ಎಂಬುದರಲ್ಲಿ. ಇಂಗ್ಲಿಷ್ ತನ್ನ ಬೀಗವನ್ನು ಮುಂಬಾಗಿಲಿಗೆ ಹಾಕುತ್ತದೆ. ವೆನ್, ಇಫ್, ಬಿಕಾಸ್, ಆಲ್ದೋ ಇವೆಲ್ಲ ಉಪವಾಕ್ಯದ ಮೊದಲಲ್ಲೇ ನಿಲ್ಲುತ್ತವೆ. ಕನ್ನಡದ ಬೀಗ ಹಿತ್ತಿಲ ಬಾಗಿಲಿಗೆ. ಕ್ರಿಯಾಪದದ ಬಾಲಕ್ಕೆ 'ಆಗ', 'ರೆ', 'ರೂ' ಎಂದು ಅಂಟಿಕೊಳ್ಳುತ್ತದೆ. ಆದ್ದರಿಂದ ಕನ್ನಡ ಕೇಳುವಾಗ ಕ್ರಿಯಾಪದದ ಕೊನೆಯ ಅಕ್ಷರದವರೆಗೂ ಕಿವಿ ಕೊಡಬೇಕು. ನಮ್ಮ ಅತ್ತೆಯವರು ಕೊಟ್ಟಿದ್ದರು!

ಇನ್ನು ಈ ತಿಂಗಳ ಮುಖ್ಯ ಮಾತು. ಇಂಗ್ಲಿಷಿನಲ್ಲಿ ನಾವು ಮಾಡುವ ಕೆಲವು ತಪ್ಪುಗಳನ್ನು ನಮ್ಮ ಕನ್ನಡವೇ ತಿದ್ದಿಕೊಡುತ್ತದೆ.

ಮೊದಲನೆಯದು: "ವೆನ್ ಐ ವಿಲ್ ರೀಚ್ ದಾದರ್, ಐ ವಿಲ್ ಕಾಲ್ ಯೂ." ಇದು ತಪ್ಪು. ಕಾಲ ಹೇಳುವ ಉಪವಾಕ್ಯದಲ್ಲಿ 'ವಿಲ್' ಬೇಡ. "ವೆನ್ ಐ ರೀಚ್" ಎಂದರೆ ಸಾಕು. ಯಾಕೆ ಎಂದು ಕೇಳಿದರೆ 'ಅದು ರೂಲ್' ಎನ್ನುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿ: "ನಾಳೆ ದಾದರಿಗೆ ತಲುಪಿದಾಗ ಫೋನ್ ಮಾಡುತ್ತೇನೆ." ತಲುಪುವುದು ನಾಳೆ. ಆದರೂ ನಾವು 'ತಲುಪಿದ' ಎಂದು, ಆಗಿಹೋದ ಕೆಲಸದ ಹಾಗೆ ಹೇಳುತ್ತೇವೆ. ಭವಿಷ್ಯದ ಭಾರವನ್ನು ಕೊನೆಯ 'ಮಾಡುತ್ತೇನೆ' ಹೊರುತ್ತದೆ. ಇಂಗ್ಲಿಷೂ ಅಷ್ಟೇ. ಮುಖ್ಯ ವಾಕ್ಯದಲ್ಲಿ ಒಮ್ಮೆ 'ವಿಲ್' ಬಂದ ಮೇಲೆ ಉಪವಾಕ್ಯಕ್ಕೆ ಅದು ಬೇಕಿಲ್ಲ.

ಹಾಗಾದರೆ "ಐ ಡೋಂಟ್ ನೋ ವೆನ್ ಹೀ ವಿಲ್ ಕಮ್" ತಪ್ಪೇ? ಅಲ್ಲ, ಅದು ಸರಿ. ಇಲ್ಲಿ 'ವೆನ್' ಕ್ರಿಯಾವಿಶೇಷಣದ ಕೆಲಸ ಮಾಡುತ್ತಿಲ್ಲ. ಅದು ಒಂದು ಪ್ರಶ್ನೆ. ಇದಕ್ಕೂ ಕನ್ನಡದಲ್ಲೇ ಪರೀಕ್ಷೆ ಇದೆ. "ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ" ಎನ್ನುತ್ತೇವೆ. "ಬಂದಾಗ ಗೊತ್ತಿಲ್ಲ" ಎನ್ನುವುದಿಲ್ಲ. ಕನ್ನಡದಲ್ಲಿ 'ಯಾವಾಗ' ಬಂದರೆ ಇಂಗ್ಲಿಷಿನಲ್ಲಿ 'ವಿಲ್' ಬರಬಹುದು. ಕನ್ನಡದಲ್ಲಿ 'ಬಂದಾಗ' ಎಂದರೆ 'ವಿಲ್' ಬೇಡ. ಮುಂದಿನ ಸಲ ಅನುಮಾನ ಬಂದರೆ ಮನಸ್ಸಿನಲ್ಲೇ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ.

ಎರಡನೆಯದು: "ಐ ವಿಲ್ ವೇಟ್ ಅಂಟಿಲ್ ಯೂ ಡೋಂಟ್ ಕಮ್." ಲೋಕಲ್ ರೈಲಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಇದು ಹಿಂದಿಯ ಪ್ರಭಾವ. 'ಜಬ್ ತಕ್' ಜೊತೆಗೆ ಹಿಂದಿಯಲ್ಲಿ ಒಂದು 'ನಹೀ' ಸೇರುತ್ತದೆ. ಕನ್ನಡದಲ್ಲಿ ಆ 'ಇಲ್ಲ' ಇಲ್ಲವೇ ಇಲ್ಲ. "ನೀನು ಬರುವ ತನಕ ಕಾಯುತ್ತೇನೆ." ಇಂಗ್ಲಿಷಿನಲ್ಲೂ "ಅಂಟಿಲ್ ಯೂ ಕಮ್". ನೋಡಿ, ಇಲ್ಲಿ ನಮ್ಮ ಭಾಷೆಯೇ ಇಂಗ್ಲಿಷಿಗೆ ಹತ್ತಿರ.

ಮೂರನೆಯದು ನನ್ನದೇ ತಪ್ಪು. 2002ರಲ್ಲಿ ಮಗಳ ಶಾಲಾ ಪ್ರವೇಶಕ್ಕೆಂದು ತಂದೆತಾಯಿಯರ ಸಂದರ್ಶನವಿತ್ತು. ಅದುವರೆಗೂ ನನ್ನ ಬಿ.ಎ. ಸರ್ಟಿಫಿಕೇಟು ಟ್ರಂಕಿನೊಳಗೆ ಸೀರೆಗಳ ಕೆಳಗಿತ್ತು. "ಆಲ್ದೋ ಐ ಆಮ್ ಎ ಹೌಸ್‌ವೈಫ್, ಬಟ್ ಐ ಹ್ಯಾವ್ ಎ ಡಿಗ್ರಿ ಇನ್ ಇಂಗ್ಲಿಷ್" ಎಂದೆ. ಎದುರಿಗಿದ್ದವರು ಸಣ್ಣಗೆ ನಕ್ಕರು. ಮನೆಗೆ ಬಂದ ಮೇಲೆ ತಪ್ಪು ಹೊಳೆಯಿತು. 'ಆಲ್ದೋ' ಬಂದ ಮೇಲೆ 'ಬಟ್' ಬೇಕಿರಲಿಲ್ಲ. "ಮಳೆ ಬಂದರೂ ಹೋದೆ" ಎನ್ನುತ್ತೇವೆಯೇ ಹೊರತು "ಮಳೆ ಬಂದರೂ, ಆದರೆ ಹೋದೆ" ಎಂದು ಯಾರಾದರೂ ಹೇಳುತ್ತಾರೆಯೇ? ನನ್ನ ಕನ್ನಡದ ಮಾತು ಆ ದಿನ ಕೇಳಿದ್ದರೆ ನನ್ನ ಇಂಗ್ಲಿಷ್ ಉಳಿಯುತ್ತಿತ್ತು.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಮ್ಮ 'ಬಂದರೂ' ಎರಡು ಕೆಲಸ ಮಾಡುತ್ತದೆ. "ಮಳೆ ಬಂದರೂ ಹೋದೆ" ಎಂದರೆ ಮಳೆ ಬಂದದ್ದು ನಿಜ, ಅಲ್ಲಿ 'ಆಲ್ದೋ'. "ಮಳೆ ಬಂದರೂ ಹೋಗುತ್ತೇನೆ" ಎಂದರೆ ಬರುತ್ತದೋ ಇಲ್ಲವೋ ತಿಳಿಯದು, ಅಲ್ಲಿ 'ಈವನ್ ಇಫ್'. ಇಂಗ್ಲಿಷಿನಲ್ಲಿ ಎರಡನ್ನೂ ಬೇರೆ ಬೇರೆ ಹೇಳಲೇಬೇಕು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕನ್ನಡದಲ್ಲಿ ನಾನು ಹೆಚ್ಚಾಗಿ ಕೇಳುವುದು ಇಂಥ ವಾಕ್ಯ: "ಯಾವಾಗ ನಾನು ಚಿಕ್ಕವನಿದ್ದೆ, ಆಗ ನಾವು ಡೊಂಬಿವಲಿಯಲ್ಲಿದ್ದೆವು. ನಾವು ಮನೆ ಬಿಟ್ಟೆವು ಯಾಕಂದ್ರೆ ಜಾಗ ಸಾಲಲಿಲ್ಲ." ಅರ್ಥವಾಗುತ್ತದೆ. ಆದರೆ ಇದು ಬೀಗವನ್ನು ಮುಂಬಾಗಿಲಿಗೆ ತಂದು ಹಾಕಿದ ಕನ್ನಡ. ಅದನ್ನು ಹಿತ್ತಿಲಿಗೆ ಒಯ್ದು ನೋಡಿ: "ನಾನು ಚಿಕ್ಕವನಿದ್ದಾಗ ನಾವು ಡೊಂಬಿವಲಿಯಲ್ಲಿದ್ದೆವು. ಜಾಗ ಸಾಲದ್ದರಿಂದ ಮನೆ ಬಿಟ್ಟೆವು." ಎಷ್ಟು ಹಗುರವಾಯಿತು! ನಿಮಗೆ ತಿಳಿದಿರುವ ಇಂಗ್ಲಿಷ್ ವ್ಯಾಕರಣವನ್ನೇ ಹಿಡಿದುಕೊಂಡು ಕನ್ನಡಕ್ಕೆ ಬನ್ನಿ. 'ವೆನ್' ಎನ್ನುವಲ್ಲೆಲ್ಲ 'ಆಗ', 'ಇಫ್' ಎನ್ನುವಲ್ಲಿ 'ರೆ', 'ಆಲ್ದೋ' ಎನ್ನುವಲ್ಲಿ 'ರೂ'. ಈ ಮೂರು ಬಾಲಗಳು ಬಂದರೆ ಅರ್ಧ ಕನ್ನಡ ಬಂದಂತೆ.

ಅತ್ತೆಯವರ ಕಥೆ ಅರ್ಧಕ್ಕೇ ನಿಂತಿತಲ್ಲ. ಆ ಸಂಜೆಯೇ ಮಗಳು ಮತ್ತೆ ಫೋನ್ ಮಾಡಿದಳು. "ಅಜ್ಜಿ, ನೀ ಬಂದಾಗ ನಾ ದಾದರ್ ಸ್ಟೇಶನ್ನಿನ್ಯಾಗ ನಿಂತಿರ್ತೀನಿ" ಎಂದಳು. ಟಿಕೆಟ್ ರದ್ದಾಗಿರಲಿಲ್ಲ. ಅತ್ತೆಯವರು ಬಂದರು, ಇಪ್ಪತ್ತು ದಿನ ಇದ್ದರು, ಮೊಮ್ಮಗಳ ರೂಮಿನಲ್ಲೇ ಮಲಗಿದರು. ಅದೇ ಅವರ ಕೊನೆಯ ಮುಂಬಯಿ ಪ್ರಯಾಣವಾಯಿತು. 2019ರಲ್ಲಿ ತೀರಿಕೊಂಡರು. ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ "ಅಮ್ಮ, ನೀ ಬಂದಾಗ..." ಎಂದೇ ಮಾತು ಶುರು ಮಾಡುತ್ತಾಳೆ. ನಾನೂ ಟಿಕೆಟ್ ತೆಗೆಸುತ್ತೇನೆ.

ಎಂದಿನಂತೆ ಮನೆಗೆಲಸ:

1. ಈ ಕನ್ನಡವನ್ನು ತಿದ್ದಿ: "ಯಾವಾಗ ನಾನು ಅಡುಗೆ ಮಾಡ್ತೀನಿ, ಆಗ ಹಾಡು ಕೇಳ್ತೀನಿ."

2. ಈ ಇಂಗ್ಲಿಷನ್ನು ತಿದ್ದಿ: "ಡೋಂಟ್ ಗೆಟ್ ಡೌನ್ ಅಂಟಿಲ್ ದ ಟ್ರೇನ್ ಡಸ್ ನಾಟ್ ಸ್ಟಾಪ್."

3. "ಟೆಲ್ ಮಿ ವೆನ್ ಅಜ್ಜಿ ವಿಲ್ ಕಮ್", "ಟೆಲ್ ಮಿ ವೆನ್ ಅಜ್ಜಿ ಕಮ್ಸ್". ಎರಡೂ ಸರಿ, ಅರ್ಥ ಬೇರೆ. ಎರಡನ್ನೂ ಕನ್ನಡದಲ್ಲಿ ಹೇಳಿ.

ಉತ್ತರಗಳನ್ನು ಕನ್ನಡ ಲಿಪಿಯಲ್ಲೇ ಬರೆದು ಸಂಘದ ಕಚೇರಿಗೆ ಕಳಿಸಿ. ತಪ್ಪಾದರೂ ಚಿಂತೆಯಿಲ್ಲ. ಅಂದ ಹಾಗೆ, ಈ 'ತಪ್ಪಾದರೂ' ಎಂಟರಲ್ಲಿ ಯಾವ ಬಗೆಯದು? ಅದನ್ನೂ ಬರೆಯಿರಿ. ಮುಂದಿನ ತಿಂಗಳು ಭೇಟಿಯಾದಾಗ ನೋಡೋಣ.